ಹಸಿದ ಕಾರ್ಡು

ಮೊನ್ನೆ ಅಡುಗೆಮನೆಯಲ್ಲಿ ಬೇಳೆಯ ಡಬ್ಬಿಗಳ ಹಿಂದೆ ಒಂದು ಚಿಕ್ಕ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದರೆ ನವಿಲಿನ ಕೊರಳಿನ ಬಣ್ಣದ ಹರಳುಗಳು. ಮೈಲುತುತ್ತ, ಹೊಟ್ಟೆಗೆ ಹೋದರೆ ವಿಷ. ಬೆನ್ನ ಹಿಂದೆ ಬಂದು ನಿಂತಿದ್ದ ನನ್ನ ಗಂಡ ವೀರೇಶ ಅದನ್ನು ನೋಡಿ, "ಏನಾರ ಯೋಚನಿ ಹಾಕಿದ್ರ ಮೊದ್ಲ ಹೇಳಿಬಿಡು. ಇವತ್ತಿಂದ ನಾ ಖಾನಾವಳ್ಯಾಗ ಉಣ್ತೀನಿ" ಎಂದ.

ಅದು ಅಂಟಿಗೆ ಹಾಕುವುದು ಎಂದೆ. ಮೈದಾಹಿಟ್ಟನ್ನು ನೀರಿನಲ್ಲಿ ಕುದಿಸಿ ಅಂಟು ಮಾಡುವಾಗ ಒಂದು ಚಿಟಿಕೆ ಮೈಲುತುತ್ತ ಹಾಕಿದರೆ ಆ ಕಾಗದದ ಹತ್ತಿರ ಹುಳ ಸುಳಿಯುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರು ಯಾರು? ಪುಸ್ತಕ ಕಟ್ಟುವ ಒಬ್ಬ ಮುದುಕ ಎಂದು ಬರೆಯಲು ಹೊರಟೆ. ಬರೆದರೆ ಚೆನ್ನಾಗಿರುತ್ತದೆ, ಇಂಥ ಬರಹಕ್ಕೆ ಒಬ್ಬ ಮುದುಕ ಚೆನ್ನಾಗಿ ಒಪ್ಪುತ್ತಾನೆ. ಆದರೆ ಅಂಥ ಯಾವ ಮುದುಕನ ಮುಖವೂ ನೆನಪಿಗೆ ಬರುತ್ತಿಲ್ಲ. ಬಹುಶಃ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದೆ. ನನ್ನ ನೆನಪಿನ ಚಾಳಿಯೇ ಇದು, ವಿಡಿಯೋಗಳಿಗೂ ಮುದುಕರ ಮುಖ ತೊಡಿಸಿ ಕರೆದುಕೊಂಡು ಬರುತ್ತದೆ. ಆದ್ದರಿಂದ ಮುಂದೆ ನಾನು ಹೇಳುವುದನ್ನೆಲ್ಲ ನೀವು ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ ಬೆರಳಿನಿಂದ ಬಡಿದು, ಸದ್ದು ಕೇಳಿಕೊಂಡೇ ತೆಗೆದುಕೊಳ್ಳಬೇಕು.

ಅಂಟು ಯಾಕೆ ಎಂದರೆ ಕಾರ್ಡಿಗೆ. ನಾನು ಕೊಟ್ಟೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ನನ್ನ ಗೆಳತಿ ರಜಿಯಾ ಇರುವುದು ಹರಪನಹಳ್ಳಿಯಲ್ಲಿ, ದಿನಾ ಬಸ್ಸಿಗೆ ಹೋಗಿ ಅದೇ ತಾಲೂಕಿನ ಅರಸೀಕೆರೆಯ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ನಾವಿಬ್ಬರೂ ಕೈಯಿಂದ ಕಾರ್ಡು ಮಾಡಿ ಒಬ್ಬರಿಗೊಬ್ಬರು ಅಂಚೆಗೆ ಹಾಕುತ್ತೇವೆ. ದೊಡ್ಡ ಊರುಗಳಲ್ಲಿ ಇದಕ್ಕೆ ಅಂಚೆ ಕಲೆ ಎಂದು ಹೆಸರಿದೆಯಂತೆ, ಕೂಟಗಳಿವೆಯಂತೆ. ನಾವು ಹೆಸರಿಟ್ಟಿಲ್ಲ. ಹಳೆಯ ಮದುವೆ ಪತ್ರಿಕೆಯ ರಟ್ಟು, ಸೀರೆ ಡಬ್ಬಿಯ ಮುಚ್ಚಳ, ಗೊಬ್ಬರ ಚೀಲದ ಹೊಲಿಗೆ ಬಿಚ್ಚಿ ತೆಗೆದ ದಾರ, ಬಸ್ ಟಿಕೆಟ್ಟು, ಅರಿವೆಯ ಚೂರು, ಕೈಗೆ ಸಿಕ್ಕಿದ್ದೆಲ್ಲ ಅದರ ಮೈಮೇಲೆ ಬರುತ್ತದೆ. ರಜಿಯಾಳ ಅಣ್ಣನದು ಗ್ಯಾರೇಜು. ಅಲ್ಲಿಂದ ಅವಳಿಗೆ ಇಂಜಿನ್ನಿನ ಸಂದಿಗೆ ಹಾಕುವ ದಪ್ಪ ಹಾಳೆ ಸಿಗುತ್ತದೆ, ಹಳೆಯ ಟ್ಯೂಬಿನ ರಬ್ಬರು ಸಿಗುತ್ತದೆ. ಆ ರಬ್ಬರನ್ನು ಬ್ಲೇಡಿನಿಂದ ಕೆತ್ತಿ ಮುದ್ರೆ ಮಾಡುತ್ತಾಳೆ. ಅವಳ ಕಾರ್ಡು ಬಂದ ದಿನ ನಮ್ಮ ಮನೆಯಲ್ಲಿ ಸಣ್ಣಗೆ ಗ್ರೀಸಿನ ವಾಸನೆ ಇರುತ್ತದೆ.

ನನ್ನ ಪ್ರಯೋಗಗಳು ಅಷ್ಟು ಕೈಹಿಡಿಯಲಿಲ್ಲ. ನನ್ನ ತಂಗಿ ಗಿರಿಜಾ ಹಡಗಲಿಯಲ್ಲಿದ್ದಾಳೆ. ಅವಳು ಕಳಿಸಿದ ಮಲ್ಲಿಗೆಯನ್ನು ಪುಸ್ತಕದೊಳಗೆ ಒತ್ತಿಟ್ಟು, ಒಂದೊಂದೇ ಎಸಳನ್ನು ಕಾರ್ಡಿಗೆ ಅಂಟಿಸಿ, ಬಿಳಿಯ ಮೇಲೆ ಬಿಳಿ ಎಂದು ನನ್ನೊಳಗೇ ಹೆಸರು ಕೊಟ್ಟು ಕಳಿಸಿದೆ. ಹರಪನಹಳ್ಳಿ ಮುಟ್ಟುವಷ್ಟರಲ್ಲಿ ಎಸಳೆಲ್ಲ ಚಹಾದ ಬಣ್ಣಕ್ಕೆ ತಿರುಗಿದ್ದವು. ರಜಿಯಾ ಫೋನು ಮಾಡಿ, "ಅಕ್ಕಾ, ಜಿರಳಿ ರೆಕ್ಕಿ ಎಲ್ಲಿ ಆರಿಸಿದಿ ಇಷ್ಟೊಂದು?" ಎಂದು ಕೇಳಿದಳು. ಪಾಪ, ಮೆಚ್ಚುಗೆಯಿಂದಲೇ ಕೇಳಿದಳು.

ನಮ್ಮ ಆಟಕ್ಕೆ ಒಂದೆರಡು ಕಟ್ಟುಪಾಡು ಇವೆ. ಕಾರ್ಡಿನ ಮೇಲೆ ಮಾತು ಬರೆಯಬಾರದು, ಹೆಸರು ಹಾಕಬಾರದು. ಬಂದ ಕಾರ್ಡಿಗೆ ಏನಾದರೊಂದು ಸೇರಿಸಿ ವಾಪಸು ಕಳಿಸಬಹುದು, ಬೇಕಾದಷ್ಟು ಸಲ. ಹಿಂಬದಿಯ ವಿಳಾಸದ ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದರಾಯಿತು. ಯಾರಿಗೆ ಅದನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲವೋ ಅವರು ಇಟ್ಟುಕೊಳ್ಳಬೇಕು, ಬದಲಿಗೆ ಹೊಸದೊಂದನ್ನು ಶುರು ಮಾಡಬೇಕು. ಇದು ನನ್ನದೇ ಕಾನೂನು. ಇದು ಯಾರ ಕೆಲಸ ಎಂದು ಕೇಳುವುದೇ ಹಳೆಯ ಕಾಲದ ರೋಗ, ನಮ್ಮ ಕಾರ್ಡುಗಳಿಗೆ ಆ ರೋಗ ಬೇಡ ಎಂದು ಆಗ ನಾನು ಬಹಳ ಗಟ್ಟಿಯಾಗಿ ಹೇಳಿದ್ದೆ. ರಜಿಯಾ "ಹೂಂ ಆತು ಬಿಡಕ್ಕ" ಎಂದಿದ್ದಳು.

ಎಲ್ಲಿ ಹೇಳಿದ್ದೆ ಎಂದರೆ, ಕೂಡ್ಲಿಗಿಯಲ್ಲಿ. ಚುನಾವಣೆ ಕೆಲಸದ ತರಬೇತಿಗೆ ಇಬ್ಬರನ್ನೂ ಹಾಕಿದ್ದರು, ಪಕ್ಕಪಕ್ಕ ಕೂತಿದ್ದೆವು, ತರಬೇತಿಯವರು ಕೊಟ್ಟ ಕಾಗದವನ್ನೆಲ್ಲ ಅವಳು ಮಡಚಿ ಹಕ್ಕಿ ಮಾಡುತ್ತಿದ್ದಳು. ಇದು ನನ್ನ ನೆನಪು. ರಜಿಯಾಳ ಪ್ರಕಾರ ನಾವು ಮೊದಲು ಕಂಡದ್ದು ಹಗರಿಬೊಮ್ಮನಹಳ್ಳಿಯ ರೈಲ್ವೆ ಗೇಟಿನಲ್ಲಿ, ಬಸ್ಸು ನಿಂತಾಗ. ಮಡಚುತ್ತಿದ್ದವಳು ನಾನಂತೆ. ನನಗೆ ಕಾಗದದ ಹಕ್ಕಿ ಮಾಡಲು ಇವತ್ತಿಗೂ ಬರುವುದಿಲ್ಲ ಎಂದರೆ, "ಆಗ ಬರ್ತಿತ್ತು" ಎನ್ನುತ್ತಾಳೆ.

ನಮ್ಮ ಓಣಿಯ ಪೋಸ್ಟ್‌ಮನ್ ಕೊಟ್ರೇಶಪ್ಪನವರಿಗೆ ಈ ಕಾರ್ಡುಗಳೆಂದರೆ ಸಿಟ್ಟು. ಅರಿವೆ ಹೊಲಿದ ದಪ್ಪ ಕಾರ್ಡು ಬಂದರೆ ಬಾಗಿಲಲ್ಲಿ ನಿಂತು ಜಗಳಕ್ಕೇ ಬರುತ್ತಾರೆ. "ಏನ್ರಿ ಮೇಡಂ, ಇದು ಟಪಾಲೋ ತಲಿದಿಂಬೋ? ಚೀಲದಾಗ ಉಳಿದ ಕಾಗದ ಎಲ್ಲಾ ಇದರ ಮ್ಯಾಲ ತಲಿ ಇಟ್ಕೊಂಡು ಮಲಗಿದ್ವು ನೋಡ್ರಿ!" ಆದರೂ ಅಂಥ ಒಂದು ಕಾರ್ಡನ್ನೂ ಅವರು ಕಳೆದಿಲ್ಲ. ಮಳೆ ಬಂದ ದಿನ ಅಂಗಿಯೊಳಗೆ ಇಟ್ಟುಕೊಂಡು ತಂದದ್ದೂ ಉಂಟು. ಉಂಟೇ? ಉಂಟು ಎಂದೇ ಇಟ್ಟುಕೊಳ್ಳೋಣ.

ಹೀಗೆ ಬಂದವು, ಉಳಿದವು ಎಲ್ಲ ಒಂದು ಕಬ್ಬಿಣದ ಟ್ರಂಕು ತುಂಬಿವೆ. ತಳದಲ್ಲಿ ಬೇವಿನ ಎಲೆ, ನಡುನಡುವೆ ಪೇಪರು, ಮೂಲೆಗೊಂದು ನುಸಿಗುಳಿಗೆ. ಹೇಗೆ ಜೋಡಿಸಿಡಬೇಕು ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ತಾರೀಕಿನ ಪ್ರಕಾರ ಜೋಡಿಸಿದರೆ ಅದು ಒಂದು ಕಥೆಯಾಗಿಬಿಡುತ್ತದೆ, ನನಗೆ ಅದು ಬೇಡ. ಬಣ್ಣದ ಪ್ರಕಾರ ಇಟ್ಟೆ, ಸೀರೆ ಅಂಗಡಿಯಾಯಿತು. ದಪ್ಪದ ಪ್ರಕಾರ ಇಟ್ಟೆ. ಆಮೇಲೆ ಕಣ್ಣು ಮುಚ್ಚಿ ಕಲೆಸಿಬಿಟ್ಟೆ, ಅದೂ ಒಂದು ಪ್ರಯೋಗ. ಆ ಪ್ರಯೋಗದ ಫಲವನ್ನು ಈಚೆಗೆ ಉಂಡೆ.

ರಜಿಯಾ ಒಂದು ಮಧ್ಯಾಹ್ನ ಆಫೀಸಿಗೇ ಫೋನು ಮಾಡಿದಳು. ಅವಳ ತಾಯಿ ಹಾಜರಾಬಿಯನ್ನು ನಾವೆಲ್ಲ ಬೀಯಮ್ಮ ಎನ್ನುತ್ತೇವೆ. ಒಂದು ಕಾಲಕ್ಕೆ ಓಣಿಗೆಲ್ಲ ಕೌದಿ ಹೊಲಿದುಕೊಟ್ಟವರು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು ಹೊಲಿಯುವ ಹೊದಿಕೆಗಳು. ಈಗ ಕೆಲವು ಕಾಲದಿಂದ ಅವರಿಗೆ ಮರೆವು. ಮಗನನ್ನು ತಮ್ಮ ಎಂದು ಕರೆಯುತ್ತಾರೆ, ಸೊಸೆಯನ್ನು ಒಮ್ಮೊಮ್ಮೆ ಬಾಡಿಗೆಯವಳು ಎಂದುಕೊಳ್ಳುತ್ತಾರೆ.

"ಅಕ್ಕಾ, ನಮ್ಮಮ್ಮಿ ಊಟ ಬಿಟ್ಟಾಳ" ಎಂದಳು ರಜಿಯಾ.

"ಜ್ವರಾನ?"

"ಏನಿಲ್ಲ. ತಾಟು ಮುಂದ ಇಟ್ರ ದೂಡ್ತಾಳ. ಅದು ಹಸ್ಕೊಂಡೈತಿ, ನಾ ಹೆಂಗ ಉಣ್ಲಿ ಅಂತಾಳ. ಯಾವುದು ಅಂದ್ರ ಹೇಳಂಗಿಲ್ಲ. ಬೆಕ್ಕಿಗೆ ಹಾಲಿಟ್ವಿ. ಆಡಿಗೆ ಸೊಪ್ಪು ಹಾಕಿದ್ವಿ. ಅಣ್ಣನ ಮಗಳ್ನ ಮುಂದ ಕುಂದ್ರಿಸಿ ಉಣಿಸಿದ್ವಿ. ಇದಲ್ಲ, ಇದಲ್ಲ ಅಂತಾಳ. ಮನ್ಯಾಗಿನ ಪೆಟಿಗಿ ಎಲ್ಲಾ ಬರಿದು ಮಾಡ್ಯಾಳ. ಬಾಜೂ ಮನಿಗೂ ಹೋಗಿ ಹುಡುಕ್ಯಾಳ. ಚಹಾ ಒಂದು ಕುಡೀತಾಳ, ಅದೂ ಅರ್ಧ."

"ಡಾಕ್ಟ್ರು ಏನಂತಾರ?"

"ಡಾಕ್ಟ್ರು ಗುಳಿಗಿ ಕೊಟ್ರು. ಬರೀ ಹೊಟ್ಟೀಲೆ ನುಂಗಬ್ಯಾಡ್ರಿ ಅಂತ ಅದರ ಮ್ಯಾಲ ಹೇಳಿದ್ರು." ನಗಬೇಕೋ ಅಳಬೇಕೋ ತಿಳಿಯದ ದನಿ ಅವಳದು. "ಇವತ್ತು ಮುಂಜಾನಿ ಸೂಜಿ ಹಿಡ್ಕೊಂಡು ಕುಂತಿದ್ಲು. ಆಗ ತಿಳೀತು. ಕೌದಿ ಅದು. ಎಷ್ಟು ದೊಡ್ಡದು ಅಂದ್ರ ಅಂಗೈ ತೋರಿಸಿದ್ಲು. ಅಕ್ಕಾ, ಅದು ನಮ್ಮ ಕಾರ್ಡು."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕೌದಿ ಹೊಲಿಯುವವರು ಕಟ್ಟಕಡೆಯ ತುಂಡು ಮುಚ್ಚುವ ಮುಂಚೆ ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಹಸಿದ ಕೌದಿ ಹೊದ್ದವರ ಮನೆಯಲ್ಲಿ ಉಣ್ಣಲು ಉಳಿಯುವುದಿಲ್ಲ ಎಂದು ಮಾತು. ಯಾವಾಗಲೋ ಒಂದು ರಜೆಯ ದಿನ ರಜಿಯಾ ಕಾರ್ಡೊಂದಕ್ಕೆ ಅರಿವೆ ಹೊಲಿಯುತ್ತಿದ್ದಾಗ ಬೀಯಮ್ಮ "ಇದೇನು ಹೊಲಿಗೀನಾ, ಕೊಡಿಲ್ಲಿ" ಎಂದು ಕಸಿದುಕೊಂಡು ತಾವೇ ಹೊಲಿದಿದ್ದರಂತೆ. ಮುಗಿಯುವ ಮುಂಚೆ ಅಂಚೆಯ ಹೊತ್ತಾಯಿತೆಂದು ರಜಿಯಾ ಅದನ್ನು ಹಾಗೇ ಒಯ್ದು ಹಾಕಿಬಿಟ್ಟಿದ್ದಳಂತೆ. ಉಳಿದದ್ದೆಲ್ಲ ಅಳಿಸಿಹೋದ ಆ ತಲೆಯಲ್ಲಿ ಈಗ ಇದೊಂದು ಎದ್ದು ಕೂತಿದೆ.

"ಹೆಂಗಿತ್ತು ಅದು?" ಎಂದೆ.

"ಹಸಿರಿತ್ತು. ಇಲ್ಲ, ನೀಲಿ ಇರಬೇಕು."

"ರಜಿಯಾ!"

"ನಂಗೇನು ಗೊತ್ತಕ್ಕ, ಬರ್ಕೊಂಡೀನೇನು? ಹೆಸರು ಹಾಕಬ್ಯಾಡ ಅಂದಾಕಿ ನೀನ. ನನ್ನ ಹತ್ರ ಇದ್ದಿದ್ದೆಲ್ಲಾ ನೋಡೀನಿ, ಇಲ್ಲ. ನಿನ್ನ ಟ್ರಂಕಿನ್ಯಾಗ ಐತಿ."

ಯಾವುದಾದರೊಂದನ್ನು ಕೊಟ್ಟು ಇದೇ ಅದು ಎಂದುಬಿಡಬಾರದೇ ಎಂದು ವೀರೇಶ ಕೇಳಿದ. ರಜಿಯಾ ಅದನ್ನೂ ಮಾಡಿ ನೋಡಿದ್ದಳು. ರಾತ್ರೋರಾತ್ರಿ ಹೊಸದೊಂದನ್ನು ಹೊಲಿದು ಕೈಗಿಟ್ಟರೆ ಬೀಯಮ್ಮ ತಿರುವಿ ನೋಡಿ, "ಇದು ನಿನ್ನೆ ಹುಟ್ಟಿದ್ದು. ಇದಕ್ಯಾಕ ಹಸಿವು?" ಎಂದು ಪಕ್ಕಕ್ಕಿಟ್ಟಿದ್ದರು.

ಶನಿವಾರ ಟ್ರಂಕು ಕೆಳಗಿಳಿಸಿ ನೆಲದ ಮೇಲೆಲ್ಲ ಕಾರ್ಡು ಹರಡಿ ಕೂತೆ. ಅರಿವೆ ಇದ್ದವನ್ನೆಲ್ಲ ಒಂದು ಕಡೆ ತೆಗೆದೆ. ಅವುಗಳಲ್ಲಿ ಯಾವುದು ನಾನು ಶುರು ಮಾಡಿದ್ದು, ಯಾವುದು ಅವಳು? ನೋಡುತ್ತ ಹೋದಂತೆ ಎಲ್ಲವೂ ನನ್ನವೇ ಅನ್ನಿಸತೊಡಗಿತು. ಆಮೇಲೆ ಒಂದೂ ನನ್ನದಲ್ಲ ಅನ್ನಿಸಿತು. ಹಿಂಬದಿಯ ಚೀಟಿಗಳನ್ನು ಬಿಡಿಸಿದರೆ ಎಲ್ಲಕ್ಕಿಂತ ತಳದ ವಿಳಾಸ ಸಿಗುತ್ತದಲ್ಲ, ಕೊಟ್ಟೂರು ಎಂದಿದ್ದರೆ ಅದು ಹರಪನಹಳ್ಳಿಯಲ್ಲಿ ಹುಟ್ಟಿದ್ದು ಎಂದು ವೀರೇಶ ದೊಡ್ಡ ಪತ್ತೇದಾರನಂತೆ ಹೇಳಿದ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ ಒಂದು ಕಾರ್ಡನ್ನು ಹಬೆಗೆ ಹಿಡಿದೆವು. ಚೀಟಿಗಳು ಬಿಡಲಿಲ್ಲ, ಕಾರ್ಡೇ ಬಿಟ್ಟಿತು. ಮುಂದು ಹಿಂದು ಒಂದಾಗಿ ಹಿಟ್ಟಿನ ಮುದ್ದೆಯಾಗಿ ತಟ್ಟೆಯಲ್ಲಿ ಕೂತಿತು. "ಚಟ್ನಿ ಹಾಕ್ಲೇನು?" ಎಂದ ವೀರೇಶ. ಅಲ್ಲಿಗೆ ಪತ್ತೇದಾರಿಕೆ ನಿಂತಿತು.

ಒಂದೇ ಒಂದು ಕಾರ್ಡು ಮಾತ್ರ ನನ್ನದು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಅದರ ಮೇಲೆ ಹಸಿರು ಖಣದ ಒಂದು ತುಂಡಿದೆ. ನಮ್ಮವ್ವನ ಕುಪ್ಪಸದ್ದು. ಅವ್ವ ತೀರಿಕೊಂಡ ಮೇಲೆ ಅವಳ ಅರಿವೆಗಳನ್ನೆಲ್ಲ ಯಾರುಯಾರಿಗೋ ಕೊಟ್ಟೆವು. ಈ ತುಂಡೊಂದನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೆ. ಅವಳ ಮೈಗೆ ತಾಗಿದ್ದು ಅಂತ ನನ್ನ ಹತ್ತಿರ ಇರುವುದು ಅದಷ್ಟೇ. ಅದನ್ನು ರಟ್ಟಿಗೆ ಹೊಲಿದು, ಒಂದು ಬದಿಯನ್ನು ಬೇಕೆಂದೇ ಹಾಗೇ ತೆರೆದು ಬಿಟ್ಟಿದ್ದೆ. ಸಾವು ಮುಗಿಯದ ಹೊಲಿಗೆ, ಅಪೂರ್ಣತೆಯೇ ಅದರ ಅರ್ಥ ಎಂದೆಲ್ಲ ರಜಿಯಾಗೆ ಫೋನಿನಲ್ಲಿ ವಿವರಿಸಿದ್ದೆ. ಅದು ಅವಳ ಹತ್ತಿರ ಹೋಗಿ, ಏನೋ ಸೇರಿಸಿಕೊಂಡು, ಮರಳಿ ಬಂದಿತ್ತು. ಆಮೇಲೆ ನಾನು ಕಳಿಸಲಿಲ್ಲ.

ಹೀಗೆಂದು ತಂಗಿ ಗಿರಿಜಾಳಿಗೆ ಫೋನಿನಲ್ಲಿ ಹೇಳಿದೆ. ಯಾಕೆ ಹೇಳಿದೆನೋ.

"ಹಸಿರು ಖಣ?" ಎಂದಳು. "ಅವ್ವ ಹಸಿರು ಕುಬಸ ತೊಟ್ಟಿದ್ದು ನಾನಂತೂ ನೋಡಿಲ್ಲಬೇ. ಆಕಿದು ಕರೀದು, ಇಲ್ಲಂದ್ರ ಬದನೀಕಾಯಿ ಬಣ್ಣದ್ದು. ಹಸಿರು ದೊಡ್ಡವ್ವಂದು."

"ನನ್ನ ಕೈಯ್ಯಾರೆ ಕತ್ತರಿಸೀನಿ ಗಿರಿಜಾ."

"ಕತ್ತರಿಸಿರ್ತಿ. ಕತ್ತರಿಗೇನು ಗೊತ್ತು ಯಾರ ಕುಬಸ ಅಂತ?"

ಫೋಟೋ ಹುಡುಕಿದೆ. ಅವ್ವನ ಫೋಟೋ ಇರುವುದು ಎರಡೋ ಮೂರೋ, ಎಲ್ಲದರಲ್ಲೂ ಸೆರಗು ಹೊದ್ದಿದ್ದಾಳೆ. ಕಣ್ಣು ಮುಚ್ಚಿದರೆ ನನಗೆ ಹಸಿರೇ ಕಾಣುತ್ತದೆ, ತಂಬ್ರಹಳ್ಳಿಯ ಮನೆಯ ಬಾಗಿಲಲ್ಲಿ ನಿಂತ ಹಸಿರು ತೋಳು. ಆದರೆ ಆ ಹಸಿರು ಅವ್ವನಿಂದ ಕಾರ್ಡಿಗೆ ಬಂತೋ, ಕಾರ್ಡು ನೋಡಿನೋಡಿ ಅವ್ವನಿಗೆ ಹೋಯಿತೋ? ಹೇಳಲಾರೆ. ಹಾಗಂತ ಕಾರ್ಡನ್ನು ಬಿಡಲೂ ಆಗಲಿಲ್ಲ.

ಭಾನುವಾರ ಟ್ರಂಕು ತೆಗೆದುಕೊಂಡು ಹರಪನಹಳ್ಳಿಗೆ ಹೊರಟೆ. ಖಣದ ಕಾರ್ಡನ್ನು ಏನು ಮಾಡುವುದು? ಮನೆಯಲ್ಲಿ ಬಿಟ್ಟರೆ ಬಚ್ಚಿಟ್ಟಂತೆ. ಟ್ರಂಕಿನಲ್ಲಿ ಇಟ್ಟರೆ ಕೊಟ್ಟಂತೆ. ಕಡೆಗೆ ಅದನ್ನು ನನ್ನ ಕೈಚೀಲದಲ್ಲಿ ಹಾಕಿಕೊಂಡೆ. ಅದರಿಂದ ಏನು ತೀರ್ಮಾನವಾಯಿತು ಎಂದು ಕೇಳಬೇಡಿ.

ಬಸ್ಸಿನಲ್ಲಿ ಕಂಡಕ್ಟರು, "ಏನೈತ್ರಿ ಟ್ರಂಕಿನ್ಯಾಗ?" ಎಂದ.

"ಕಾರ್ಡು."

"ಯಾರ ಲಗ್ನರಿ?"

ನಾನು ಬಾಯಿ ತೆರೆಯುವ ಮುಂಚೆ ಪಕ್ಕದ ಹೆಂಗಸು, "ಅಯ್ಯ, ನಮಗೂ ಒಂದು ಕೊಡ್ರಿ, ನಾವೇನು ಹೊರಗಿನವರ?" ಎಂದು ಕೈ ಚಾಚಿದಳು. ಬೇರೆ ದಾರಿ ಕಾಣದೆ ಮುಚ್ಚಳ ಎತ್ತಿ ಒಂದನ್ನು ತೋರಿಸಿದೆ. ತಿರುವಿ ಮುರುವಿ ನೋಡಿ, "ತಾರೀಕ ಹಾಕಿಲ್ಲಲ್ರಿ" ಎಂದಳು. ಹಾಕಿಲ್ಲ ಎಂದೆ. "ಹುಡುಗ ಹುಡುಗಿ ಹೆಸರೂ ಇಲ್ಲ." ಇಲ್ಲ ಎಂದೆ. ಅವಳು ನನ್ನ ಕಡೆ ಕನಿಕರದಿಂದ ನೋಡಿ, "ಹೋಗ್ಲಿ ಬಿಡ್ರವ್ವ, ಕೂಡಿ ಬರ್ತೈತಿ" ಎಂದು ಕಾರ್ಡು ಮರಳಿಸಿದಳು.

ಬೀಯಮ್ಮ ನಡುಮನೆಯ ಚಾಪೆಯ ಮೇಲೆ ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು, ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ತಾಯಿ ಮಗಳು ತಮ್ಮತಮ್ಮಲ್ಲಿ ಉರ್ದು ಆಡುತ್ತಾರೆ, ನಾನಿದ್ದರೆ ಕನ್ನಡ. "ಬಾ ಬೇಟಿ, ಕುಂದ್ರು. ಉಂಡಿಯೇನು?" ಎಂದರು. ನನ್ನ ಗುರುತು ಹತ್ತಿತ್ತೋ ಇಲ್ಲವೋ. ಉಣ್ಣುವ ಮಾತು ಮಾತ್ರ ಬಾಯಲ್ಲೇ ಇತ್ತು.

ರಜಿಯಾ ಟ್ರಂಕು ತೆರೆದು ಒಂದೊಂದೇ ಕಾರ್ಡನ್ನು ಕೈಗೆ ಕೊಡುತ್ತ ಹೋದಳು. ಬೀಯಮ್ಮ ನೋಡುತ್ತಿರಲಿಲ್ಲ, ಹೆಬ್ಬೆರಳಿನಿಂದ ಅಂಚು ಸವರುತ್ತಿದ್ದರು.

"ಇದು ಕಾಗದ."

"ಇದು ನೋಡಮ್ಮಿ."

"ಇದನ್ನ ಯಾರು ಹೊಲಿದಾರ? ದಾರ ಎಳೆಯಾಕ ಬರಂಗಿಲ್ಲ ಆಕಿಗೆ."

ಅದು ನಾನು ಹೊಲಿದದ್ದು. ರಜಿಯಾ ತುಟಿ ಕಚ್ಚಿಕೊಂಡು ನಗು ತಡೆದಳು.

"ಇದು?"

"ಇದು ಉಂಡೈತಿ. ಮುಚ್ಚೈತಿ ನೋಡು."

ಟ್ರಂಕಿನ ತಳದ ಬೇವಿನ ಎಲೆ ಕಾಣಿಸಿತು. ಅಷ್ಟರಲ್ಲೂ ಅದು ಇರಲಿಲ್ಲ. ಒಳಗಿನಿಂದ ರಜಿಯಾಳ ಅತ್ತಿಗೆ ಇವತ್ತಾದರೂ ಉಣ್ಣುತ್ತಾರೆಂದು ತಂದಿಟ್ಟಿದ್ದ ರೊಟ್ಟಿ, ಹೆಸರುಕಾಳಿನ ಪಲ್ಯ ಹಾಗೇ ತಣ್ಣಗಾಗುತ್ತಿತ್ತು. ರಜಿಯಾ ಖಾಲಿ ಟ್ರಂಕಿನೊಳಗೆ ಕೈಯಾಡಿಸುತ್ತಲೇ ಇದ್ದಳು. "ಇಷ್ಟ ಏನಕ್ಕ? ಇನ್ನ ಎಲ್ಲೂ ಇಲ್ಲೇನು?" ಎಂದಳು. ನಾನು ಗೋಡೆ ನೋಡಿದೆ. ಕೈಚೀಲ ತೊಡೆಯ ಪಕ್ಕದಲ್ಲಿತ್ತು. ಅದರಲ್ಲಿರುವುದು ನನ್ನದು, ಅವರು ಹುಡುಕುತ್ತಿರುವುದಲ್ಲ, ಆದ್ದರಿಂದ ಇಲ್ಲ ಎನ್ನುವುದು ಸುಳ್ಳಲ್ಲ. ಹೀಗೆ ನಾನು ವಾದ ಹೂಡಿಕೊಳ್ಳುತ್ತಿರುವಾಗ ಬೀಯಮ್ಮ, "ಎಲಿ ಅಡಿಕಿ ಐತೇನ ಬೇಟಿ?" ಎನ್ನುತ್ತ ನನ್ನ ಚೀಲವನ್ನು ಎಳೆದುಕೊಂಡು, ನಾನು ಬೇಡ ಎನ್ನುವಷ್ಟರಲ್ಲಿ ಕೈ ಹಾಕಿ, ಕಾರ್ಡು ಹೊರತೆಗೆದರು.

ಹೆಬ್ಬೆರಳು ಅಂಚು ಸವರಿತು. ಮೂರು ಬದಿ ಸುತ್ತಿ, ನಾಲ್ಕನೆಯ ಬದಿಗೆ ಬಂದು ನಿಂತಿತು. ಒಳಗೆ ಸ್ವಲ್ಪ ಇಳಿಯಿತು.

"ಬಾಯಿ ತಕ್ಕೊಂಡೈತಿ ನೋಡು, ಹಕ್ಕಿ ಮರಿ ಹಂಗ" ಎಂದರು. "ಇದು ನಂದು."

ರಜಿಯಾಳ ಮುಖ ಅರಳಿತು, ಮರುಗಳಿಗೆಯಲ್ಲೇ ಖಣವನ್ನು ನೋಡಿ ಬಾಡಿತು. ಅವಳಿಗೆ ಗೊತ್ತಿತ್ತು, ಎಷ್ಟು ಸಲ ಹೇಳಿದ್ದೆನೋ. "ಅಮ್ಮಿ, ಅದು ಅಕ್ಕಂದು. ಅವರವ್ವನ ಕುಬಸ ಅದು. ಕೊಡು ಇಲ್ಲಿ."

"ನಾ ಹೊಲಿದಿದ್ದು."

"ಅಮ್ಮಿ..."

"ನಿಮ್ಮ ಬಾಬಾನ ಲುಂಗಿದು ಇದು. ನಾನ ಹರಿದು ಹೊಲಿದೀನಿ."

ಲುಂಗಿಯಂತೂ ಅಲ್ಲ, ಅಷ್ಟು ಹೇಳಬಲ್ಲೆ. ಖಣದಲ್ಲಿ ಯಾರೂ ಲುಂಗಿ ಉಡುವುದಿಲ್ಲ. ಆದರೆ ಅವರ ಮಾತು ತಪ್ಪು ಎನ್ನಲು ನನ್ನ ಹತ್ತಿರ ಏನಿತ್ತು? ತಂಗಿ ಒಪ್ಪದ ಒಂದು ಬಣ್ಣ. ಬೇಕೆಂದೇ ಬಿಟ್ಟೆ ಎಂದುಕೊಂಡಿದ್ದ ಬಾಯಿ, ಅದು ನಿಜಕ್ಕೂ ನಾನು ಬಿಟ್ಟದ್ದೋ, ಅಂಚೆಯ ಹೊತ್ತಾಯಿತೆಂದು ರಜಿಯಾ ಕಸಿದುಕೊಂಡಾಗ ಉಳಿದದ್ದೋ? ನಾನು ರಟ್ಟಿಗೆ ಖಣ ಅಂಟಿಸಿ ಕಳಿಸಿದ್ದೆ, ಸುತ್ತ ಹೊಲಿದವರು ಬೀಯಮ್ಮ, ಹಾಗೂ ಇರಬಹುದಲ್ಲ. ಹಾಗಿದ್ದರೆ ಇಬ್ಬರದೂ ನಿಜವಾಗುತ್ತದೆ. ಅಷ್ಟು ಸಲೀಸಾಗಿ ಹೊಂದಿಕೊಳ್ಳುವ ನಿಜ ನನಗೆ ಎಂದೂ ದಕ್ಕಿಲ್ಲ, ಅದಕ್ಕೇ ಅದನ್ನೂ ನಂಬಲಾಗಲಿಲ್ಲ. ಅಪೂರ್ಣತೆಯ ಅರ್ಥದ ಬಗ್ಗೆ ಅಂದು ಫೋನಿನಲ್ಲಿ ಹೊಡೆದ ಭಾಷಣ ನೆನಪಾಗಿ ಕಿವಿ ಬಿಸಿಯಾಯಿತು.

"ಇರ್ಲಿ ರಜಿಯಾ" ಎಂದೆ. "ನಿಮ್ದ ಐತ್ರಿ ಬೀಯಮ್ಮ."

"ನಂದಲ್ದ ಮತ್ಯಾರದು?" ಎಂದು ಅವರು ರೊಟ್ಟಿಯ ತಾಟನ್ನು ತಾವಾಗಿಯೇ ಹತ್ತಿರ ಎಳೆದುಕೊಂಡರು. ಅಂಚಿನಿಂದ ಉಗುರಿನಷ್ಟು ಮುರಿದು ಖಣದ ಬಾಯಿಯೊಳಗೆ ತಳ್ಳಿದರು. ನನ್ನ ಬೇವಿನ ಎಲೆ, ನುಸಿಗುಳಿಗೆ, ಮೈಲುತುತ್ತಗಳೆಲ್ಲ ಒಳಗೊಳಗೇ ಕೂಗಿಕೊಂಡವು. "ಸೂಜಿ" ಎಂದರು. ರಜಿಯಾ ದಾರ ಪೋಣಿಸಿ ಕೊಟ್ಟಳು. ಅಂಗಿಯ ಗುಂಡಿ ಹಾಕಿಕೊಳ್ಳಲು ಸೊಸೆಯನ್ನು ಕರೆಯುವ ಆ ಬೆರಳುಗಳು ಸೂಜಿ ಹಿಡಿದದ್ದೇ ತಡ ನೆಟ್ಟಗಾದವು. ಮೇಲೆ, ಕೆಳಗೆ, ಮೇಲೆ, ಕೆಳಗೆ, ಅಕ್ಕಿ ಕಾಳಿನಂಥ ಹೊಲಿಗೆ. ಹಸಿರಿನ ಮೇಲೆ ಕೆಂಪು ದಾರ. ಕೊನೆಗೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಉಳಿದ ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು.

ಒಳಗಿನಿಂದ ಸೊಸೆ ಇನ್ನೊಂದು ರೊಟ್ಟಿ ತಂದು ಸದ್ದಿಲ್ಲದೆ ತಾಟಿಗೆ ಹಾಕಿ ಹೋದಳು. ಅದನ್ನೂ ಉಂಡರು. ರಜಿಯಾ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

ಉಂಡು ಕೈ ತೊಳೆದು, ಬೀಯಮ್ಮ ಕಾರ್ಡನ್ನು ಮೊಣಕಾಲಿನ ಮೇಲೆ ತಟ್ಟಿ ನೇರ ಮಾಡಿದರು. ಹೊರಡುವಾಗ ಹೇಗೂ ಅದನ್ನು ಅಲ್ಲೇ ಬಿಟ್ಟು ಬರಬೇಕೆಂದು ನಾನು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅವರು ಅದನ್ನು ನನ್ನ ಕೈಗಿಟ್ಟರು.

"ಯಾರ ಕುಬಸ ಅಂದಿ ಇದು?"

"ನಮ್ಮವ್ವಂದು ರಿ" ಎಂದೆ. ಆಮೇಲೆ, "ಅಂತ ಕಾಣ್ತೈತಿ" ಎಂದು ಸೇರಿಸಿದೆ.

"ಹಂಗಾರ ಆಕಿಗೆ ಟಪಾಲಿನ್ಯಾಗ ಹಾಕು. ನನ್ನ ಅರಿವಿ ಎಲ್ಲಿ ಅಂತ ಕಾಯ್ತಿರ್ತಾಳ. ಹೊಟ್ಟಿ ತುಂಬೈತಿ, ಇನ್ನ ಎಷ್ಟು ದೂರಾನ ಆಗ್ಲಿ, ಹೋಗ್ತೈತಿ."

ಅವ್ವ ಇಲ್ಲ ಎಂದು ಹೇಳಲು ರಜಿಯಾ ಬಾಯಿ ತೆರೆದಳು. ನಾನು ಕಣ್ಣಿನಲ್ಲೇ ಬೇಡ ಎಂದೆ. "ಹಾಕ್ತೀನ್ರಿ" ಎಂದು ಬೀಯಮ್ಮನಿಗೆ ಹೇಳಿ, ಟ್ರಂಕು ತುಂಬಿ ಬಸ್ಸು ಹತ್ತಿದೆ.

ಕಾರ್ಡು ನನ್ನದಾಗಿಯೇ ಮರಳಿ ಬಂದದ್ದಕ್ಕೆ ಸಂತೋಷವಾಗಬೇಕಿತ್ತು. ಟ್ರಂಕಿನಲ್ಲಿಡಲು ಹೋದೆ, ಆಗಲಿಲ್ಲ. ಫ್ರಿಜ್ಜಿನ ಮೇಲೆ ಇಟ್ಟೆ. ಇರುವೆ ಬಂದಾವು ಎಂದು ಆಗಾಗ ಎತ್ತಿ ನೋಡಿದೆ. ಒಂದೂ ಬಂದಿರಲಿಲ್ಲ. "ಹಾಕೋದಾದ್ರ ಹಾಕು, ಇಡೋದಾದ್ರ ಇಡು. ಮನ್ಯಾಗ ಮೂರನೆಯವರು ಇದ್ದಂಗ ಆಗೈತಿ" ಎಂದ ವೀರೇಶ. ಇಟ್ಟುಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಬೀಯಮ್ಮನಿಗಂತೂ ಇಷ್ಟು ಹೊತ್ತಿಗೆ ಮರೆತೇ ಹೋಗಿರುತ್ತದೆ ಎಂದುಕೊಂಡೆ.

ಇವತ್ತು ಬೆಳಿಗ್ಗೆ ರಜಿಯಾ ಫೋನು ಮಾಡಿದಳು. ಅಮ್ಮಿ ಚೆನ್ನಾಗಿ ಉಣ್ಣುತ್ತಿದ್ದಾಳೆ, ಪೆಟ್ಟಿಗೆ ತೆಗೆಯುವುದನ್ನು ಬಿಟ್ಟಿದ್ದಾಳೆ ಎಂದಳು. ಆಮೇಲೆ, "ಆದ್ರ ಅಕ್ಕಾ, ಈಗ ಇನ್ನೊಂದು ಹಿಡ್ಕೊಂಡಾಳ. ಮುಂಜಾನಿ ಎದ್ದ ಕೂಡ್ಲೆ ಕೇಳ್ತಾಳ, ಮುಟ್ಟಿತೇನು, ಅವರವ್ವಗ ಮುಟ್ಟಿತೇನು ಅಂತ. ಏನು ಹೇಳ್ಲಿ?"

"ಒಂದು ತಾಸು ತಡಿ" ಎಂದೆ.

ಚೀಟಿ ಕತ್ತರಿಸಿ, ಅಂಟು ಹಚ್ಚಿ, ಹಿಂಬದಿಯ ಚೀಟಿಗಳ ಮೇಲೆ ಕೂರಿಸಿದೆ. ಅವ್ವನ ಹೆಸರು ಬರೆದೆ. ಅವಳ ಹೆಸರನ್ನು ಕಡೆಯ ಸಲ ಬರೆದದ್ದು ಯಾವುದೋ ಆಫೀಸಿನ ಕಾಗದದಲ್ಲಿ, ಹಿಂದೆ ದಿವಂಗತ ಎಂದು ಸೇರಿಸಿ. ಇವತ್ತು ಸೇರಿಸಲಿಲ್ಲ. ಕೆಳಗೆ ತಂಬ್ರಹಳ್ಳಿ ಎಂದು ಬರೆದೆ, ಬೀದಿಯ ಗುರುತು ಬರೆದೆ. ಆ ಮನೆಯನ್ನು ಮಾರಿ ಎಷ್ಟೋ ಕಾಲವಾಯಿತು, ಅಲ್ಲಿ ಈಗ ಯಾರಿದ್ದಾರೋ, ಕೈಗೆ ಬಂದ ಈ ದಪ್ಪ ಕಾರ್ಡನ್ನು ಏನೆಂದು ತಿಳಿದುಕೊಳ್ಳುತ್ತಾರೋ. ಎಸೆದಾರು. ಮಗುವಿಗೆ ಆಡಲು ಕೊಟ್ಟಾರು. ಹಸಿರು ಯಾರದೆಂದು ಇನ್ನು ನಾನು ನೋಡಿ ಹೇಳಲು ಅದು ಇರುವುದಿಲ್ಲ.

ಅಂಚೆ ಡಬ್ಬಿಯ ಬಾಯಿಗೆ ಅದು ಸುಲಭವಾಗಿ ಹೋಗಲಿಲ್ಲ, ಓರೆ ಮಾಡಿ ತಳ್ಳಬೇಕಾಯಿತು. ಬೆರಳ ತುದಿಗೆ ರೊಟ್ಟಿ ಇಟ್ಟ ಜಾಗ ಸಣ್ಣಗೆ ಉಬ್ಬಿದ್ದು ತಾಗಿತು. ಬಿಟ್ಟೆ. ಅಲ್ಲೇ ನಿಂತು ರಜಿಯಾಳಿಗೆ ಫೋನು ಹಚ್ಚಿದೆ.

"ಹೊಂಟೈತಿ ಅಂತ ಹೇಳು" ಎಂದೆ.